ನನ್ನ ಅಪನಂಬಿಕೆಯಿಂದ ಮಗನ ಸಕ್ಕರೆ ಏರಿತೇ?

ಪ್ರಶ್ನೆ: ಪ್ರಭುವಿನ ನಾಮದಲ್ಲಿ ವಂದನೆಗಳು ಪಾಸ್ಟರ್. ನಾವು ದಾವಣಗೆರೆಯವರು. ನನ್ನ ಮಗನಿಗೆ ಒಂಬತ್ತು ವರ್ಷ. ಆರು ತಿಂಗಳ ಹಿಂದೆ ಅವನಿಗೆ ಟೈಪ್ 1 ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ಐದು ದಿನ ಐಸಿಯುನಲ್ಲಿದ್ದ. ಆಮೇಲೆ ದಿನಕ್ಕೆ ನಾಲ್ಕು ಇಂಜೆಕ್ಷನ್. ಸಭೆಯವರು ಮನೆಗೆ ಬಂದು ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಎರಡನೇ ತಿಂಗಳಿಗೆ ಶುಗರ್ ತಾನಾಗಿ ಇಳಿಯುತ್ತಾ ಬಂತು, ಡಾಕ್ಟರೇ ಡೋಸ್ ಅರ್ಧಕ್ಕೆ ಇಳಿಸಿದರು. ನಮ್ಮ ಯಜಮಾನರು ಭಾನುವಾರ ಎಲ್ಲರ ಮುಂದೆ ನಿಂತು, ಮಗ ಗುಣವಾದ ಎಂದು ಸಾಕ್ಷಿ ಹೇಳಿದರು. ಈಗ ಒಂದು ತಿಂಗಳಿಂದ ಮತ್ತೆ ಏರುತ್ತಿದೆ. ಸಭೆಯ ನಾಯಕರನ್ನು ಕೇಳಿದರೆ, ‘ದೇವರು ಕೊಟ್ಟಾಗಿತ್ತು, ತಾಯಿ ಬಾಯಿಂದ ಕಳೆದುಕೊಂಡಳು, ಮೆಷಿನ್‌ನಲ್ಲಿ ಶುಗರ್ ನೋಡುವುದೇ ಅಪನಂಬಿಕೆ’ ಅಂದರು. ಮುಂದಿನ ವಾರ ಮೂರು ದಿನದ ಉಪವಾಸ ಕೂಟ ಇದೆ. ಮೊದಲನೇ ದಿನವೇ ಇನ್ಸುಲಿನ್ ನಿಲ್ಲಿಸಿ ನಂಬಿಕೆಯ ಹೆಜ್ಜೆ ಇಡಿ ಅನ್ನುತ್ತಿದ್ದಾರೆ. ಯಜಮಾನರು ಹೂಂ ಅಂದಿದ್ದಾರೆ. ನಾನು ರಾತ್ರಿ ಎದ್ದು ‘ಆತನ ಬಾಸುಂಡೆಗಳಿಂದ ಗುಣವಾಯಿತು’ ಅಂತ ನೂರು ಸಲ ಹೇಳಿಕೊಳ್ಳುತ್ತೇನೆ, ಒಳಗಿನ ಭಯ ಹೋಗುವುದಿಲ್ಲ. ಮೊನ್ನೆ ಮಗ, ‘ಅಮ್ಮಾ, ನಾನು ಸರಿಯಾಗಿ ನಂಬಲಿಲ್ವಾ?’ ಅಂತ ಕೇಳಿದ. ಸಂದೇಹವೇ ಇಲ್ಲದ ನಂಬಿಕೆ ತಂದುಕೊಳ್ಳುವುದು ಹೇಗೆ? ನಾನು ದೇವರಿಗಿಂತ ಇನ್ಸುಲಿನ್ನನ್ನೇ ಹೆಚ್ಚು ನಂಬುತ್ತಿದ್ದೇನೆಯೇ? (ಪತ್ರವನ್ನು ಸಂಕ್ಷೇಪಿಸಿದೆ. ಗುರುತು ಸಿಗುವ ವಿವರ ತೆಗೆದಿದೆ.)

ಉತ್ತರ: ಸಹೋದರಿ, ಉಳಿದ ಮಾತೆಲ್ಲ ಆಮೇಲೆ. ಇವತ್ತು ರಾತ್ರಿಯ ಇನ್ಸುಲಿನ್ ತಪ್ಪಿಸಬೇಡಿ, ನಾಳೆ ಬೆಳಗಿನದ್ದೂ ತಪ್ಪಿಸಬೇಡಿ. ಆ ಕೂಟಕ್ಕೆ ಮಗನನ್ನು ಕರೆದುಕೊಂಡು ಹೋಗದಿದ್ದರೆ ಒಳ್ಳೆಯದು. ಹೋಗಲೇಬೇಕಾಗಿ ಬಂದರೆ ಇನ್ಸುಲಿನ್, ಗ್ಲುಕೋಮೀಟರ್, ಅವನ ಊಟ ಮೂರೂ ನಿಮ್ಮ ಚೀಲದಲ್ಲಿರಲಿ, ಚೀಲ ನಿಮ್ಮ ಹೆಗಲಲ್ಲಿರಲಿ. ಉಪವಾಸ ನಿಮಗೆ ಬೇಕಿದ್ದರೆ ನೀವು ಮಾಡಿ, ಅವನಿಗೆ ಬೇಡ. ವಾಂತಿ, ಹೊಟ್ಟೆನೋವು, ಆಳವಾಗಿ ಬೇಗಬೇಗ ಉಸಿರಾಡುವುದು, ಬಾಯಿಂದ ಕಳಿತ ಹಣ್ಣಿನಂಥ ವಾಸನೆ, ಮಂಪರು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಯಾರ ಒಪ್ಪಿಗೆಗೂ ಕಾಯಬೇಡಿ.

ನಾನು ವೈದ್ಯನಲ್ಲ. ಮಿಷನ್ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಚಾಪ್ಲಿನ್, ಅಂದರೆ ಆಸ್ಪತ್ರೆಯ ಪಾದ್ರಿ, ಆಗಿದ್ದವನು. ಡಾಕ್ಟರು ಹೇಳಬೇಕಾದ್ದು ಹೇಳಿ ಹೋದ ಮೇಲೆ ಮಂಚದ ಪಕ್ಕದ ಸ್ಟೂಲ್ ಎಳೆದು ಕೂರುವ ಕೆಲಸ. ಹಾಗೆ ಕೂತು ಕೂತು ಕೆಲವು ಕಾಯಿಲೆಗಳ ಸ್ವಭಾವ ತಿಳಿಯಿತು. ನಿಮ್ಮ ಪತ್ರದಲ್ಲಿ ಎಲ್ಲರೂ ಪವಾಡ ಎಂದೋ ಅಪನಂಬಿಕೆ ಎಂದೋ ಓದಿಕೊಂಡಿರುವ ಒಂದು ವಿಷಯಕ್ಕೆ ಮಕ್ಕಳ ವಾರ್ಡಿನಲ್ಲಿ ಬೇರೆಯೇ ಹೆಸರಿದೆ. ಅದನ್ನು ಮೊದಲು ಹೇಳುತ್ತೇನೆ.

ಟೈಪ್ 1ರಲ್ಲಿ ದೇಹದ ಕಾವಲು ಪಡೆಯೇ ತಪ್ಪು ತಿಳಿದು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಬಹುಪಾಲು ಸತ್ತಿರುತ್ತವೆ, ಸ್ವಲ್ಪ ಉಳಿದಿರುತ್ತವೆ. ಹೊರಗಿನಿಂದ ಇನ್ಸುಲಿನ್ ಕೊಡಲು ಶುರುಮಾಡಿದಾಗ ಉಳಿದವುಗಳಿಗೆ ಹೊರೆ ಇಳಿದು ಉಸಿರು ಬರುತ್ತದೆ, ಅವು ಮತ್ತೆ ಕೆಲಸ ಮಾಡತೊಡಗುತ್ತವೆ. ಸಕ್ಕರೆ ಇಳಿಯುತ್ತದೆ, ಡೋಸ್ ಇಳಿಯುತ್ತದೆ. ಡಾಕ್ಟರುಗಳು ಇದನ್ನು ‘ಹನಿಮೂನ್’ ಅನ್ನುತ್ತಾರೆ. ಮಗುವಿನ ಕಾಯಿಲೆಗೆ ಇಡುವ ಹೆಸರೇ ಅದು ಎಂದು ನನಗೆ ಇವತ್ತಿಗೂ ಅನಿಸುತ್ತದೆ, ಇರಲಿ. ಕೆಲವರಿಗೆ ಇದು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ಅಪರೂಪಕ್ಕೆ ವರ್ಷ ದಾಟುವುದೂ ಉಂಟು. ಆಮೇಲೆ ಉಳಿದ ಜೀವಕೋಶಗಳೂ ಹೋಗುತ್ತವೆ, ಸಕ್ಕರೆ ಮತ್ತೆ ಏರುತ್ತದೆ. ಪ್ರಾರ್ಥನೆ ಮಾಡುವ ಮನೆಯಲ್ಲೂ ಹೀಗೇ, ಮಾಡದ ಮನೆಯಲ್ಲೂ ಹೀಗೇ. ನಿಮ್ಮ ಬಾಯಿಂದ ಯಾವ ಮಾತು ಬಿತ್ತು, ಯಾವ ರಾತ್ರಿ ಯಾವ ಸಂದೇಹ ಹೊಕ್ಕಿತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದ್ದರಿಂದ ನಿಮ್ಮ ಯಜಮಾನರು ಹೇಳಿದ ಸಾಕ್ಷಿ ಸುಳ್ಳಲ್ಲ, ಅವಸರದ್ದು. ಅವರು ಕಂಡದ್ದನ್ನೇ ಹೇಳಿದರು, ಅದಕ್ಕೆ ಅರ್ಥ ಮಾತ್ರ ಬೇರೆಯಿತ್ತು. ಈಗ ಆ ಮಾತೇ ಅವರ ಕೊರಳಿಗೆ ಬಿದ್ದಿದೆ. ಇಡೀ ಸಭೆಯ ಮುಂದೆ ಹೇಳಿಬಿಟ್ಟವರು ಹಿಂದೆ ಸರಿಯುವುದು ಹೇಗೆ? ಇನ್ಸುಲಿನ್ ನಿಲ್ಲಿಸಲು ಹೂಂ ಅಂದದ್ದು ಮಗನ ಮೇಲೆ ಪ್ರೀತಿ ಇಲ್ಲದೆ ಅಲ್ಲ ಎಂದುಕೊಳ್ಳುತ್ತೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವರ ಹತ್ತಿರ ಮಾತಾಡುವಾಗ ಬೇಕಾಗುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಪೂರ್ತಿ ಪತ್ರ ನಾಲ್ಕು ಪುಟದ್ದು. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಗುರುತು ಹಾಕಿದೆ. ‘ನನ್ನ ನಂಬಿಕೆ’, ‘ನಮ್ಮ ನಂಬಿಕೆ’, ‘ನಂಬಿಕೆ ಸಾಲದು’ ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ದೇವರು ಎಂಥವನು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಇದು ನಿಮ್ಮ ತಪ್ಪಲ್ಲ, ನಿಮಗೆ ಕಲಿಸಿದ್ದೇ ಹಾಗೆ. ಮಗನ ಬೆರಳು ಚುಚ್ಚಿ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡುತ್ತೀರಿ. ಅದರ ನಡುವೆ ನಿಮ್ಮ ಎದೆಯನ್ನೂ ಚುಚ್ಚಿ ನಂಬಿಕೆ ಇವತ್ತು ಎಷ್ಟಿದೆ ಎಂದು ನೋಡುತ್ತಿದ್ದೀರಿ. ಮೊದಲನೆಯದು ಅವನನ್ನು ಉಳಿಸುವ ಕೆಲಸ. ಎರಡನೆಯದು ನಿಮ್ಮನ್ನು ಹಿಂಡಿ ಹಾಕುವ ಕೆಲಸ, ಯಾಕೆಂದರೆ ಆ ಮೀಟರಿನಲ್ಲಿ ಇಷ್ಟಾದರೆ ಸಾಕು ಎಂಬ ಗೆರೆಯೇ ಇಲ್ಲ.

ನಿಮಗೆ ಕಲಿಸಿರುವುದು ದೇವರನ್ನು ನಂಬುವುದನ್ನಲ್ಲ, ನಂಬಿಕೆಯನ್ನೇ ನಂಬುವುದನ್ನು. ಎರಡೂ ಕೇಳಲಿಕ್ಕೆ ಒಂದೇ ಥರ ಇವೆ. ಎರಡನೆಯದರಲ್ಲಿ ನಂಬಿಕೆ ಎಂಬುದು ಒಂದು ಶಕ್ತಿ, ಕರೆಂಟು ಇದ್ದ ಹಾಗೆ. ವೋಲ್ಟೇಜ್ ಸಾಕಷ್ಟು ಇದ್ದರೆ ಬಲ್ಬು ಹತ್ತಲೇಬೇಕು. ಹತ್ತದಿದ್ದರೆ ತಂತಿ ನಿಮ್ಮಲ್ಲೇ ತುಂಡಾಗಿದೆ. ಆ ಲೆಕ್ಕದಲ್ಲಿ ದೇವರು ಬಹಳ ಮಾಡಿದರೆ ವಿದ್ಯುತ್ ಕಚೇರಿ, ಮನೆಯ ಯಜಮಾನನಲ್ಲ.

ಈ ಬೋಧನೆ ನಿಮ್ಮ ಸಭೆಯಲ್ಲಿ ಹುಟ್ಟಿದ್ದಲ್ಲ, ದಾವಣಗೆರೆಯಲ್ಲೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಮೇನ್ ಪ್ರಾಂತ್ಯದಲ್ಲಿ ಫಿನಿಯಾಸ್ ಕ್ವಿಂಬಿ ಎಂಬ ಗಡಿಯಾರ ಮಾಡುವವರಿದ್ದರು (1802–1866). ರೋಗ ಎಂದರೆ ಮನಸ್ಸಿನೊಳಗಿನ ತಪ್ಪು ನಂಬಿಕೆ, ನಂಬಿಕೆ ತಿದ್ದಿದರೆ ರೋಗ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಅದರಿಂದ ‘ಹೊಸ ಚಿಂತನೆ’ ಎಂಬ ಪಂಥವೇ ಬೆಳೆಯಿತು. ಆ ಗಾಳಿ ಬೀಸುತ್ತಿದ್ದ ಬಾಸ್ಟನ್ನಿನಲ್ಲಿ ಓದಿದ ಇ. ಡಬ್ಲ್ಯೂ. ಕೆನ್ಯನ್ (1867–1948) ಎಂಬ ಬೋಧಕರು, ಬಾಯಿಂದ ಅರಿಕೆ ಮಾಡಿದ್ದನ್ನೇ, ಅಂದರೆ ಆಗಿದೆ ಎಂದು ಗಟ್ಟಿಯಾಗಿ ಹೇಳಿದ್ದನ್ನೇ, ಪಡೆಯುತ್ತೇವೆ ಎಂದು ಬರೆದರು. ಅವರು ಆ ಪಂಥದಿಂದ ಎಷ್ಟು ಪಡೆದರು ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಕೆನ್ಯನ್ನರ ಬರಹವನ್ನು ಎತ್ತಿಕೊಂಡು ಜಗತ್ತಿಗೆಲ್ಲ ಹಂಚಿದವರು ಒಕ್ಲಹೋಮದ ಕೆನೆತ್ ಹೇಗಿನ್ (1917–2003). ಹದಿಹರೆಯದಲ್ಲಿ ಹಾಸಿಗೆ ಹಿಡಿದಿದ್ದು, ಮಾರ್ಕನ ಸುವಾರ್ತೆಯ 11ನೇ ಅಧ್ಯಾಯ ಹಿಡಿದು ಎದ್ದೆ ಎಂದು ಹೇಳಿಕೊಂಡವರು. ಅವರ ಒಂದು ಕಿರುಪುಸ್ತಕದ ಹೆಸರಿನ ಅರ್ಥವೇ ‘ನಿಮ್ಮ ನಂಬಿಕೆಯಲ್ಲಿ ನಂಬಿಕೆ ಇಡುವುದು’. ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಹೆಸರು ಹಾಗೇ ಇದೆ. ನಿಮ್ಮ ಸಭಾನಾಯಕರು ಇವರ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅವರ ಮಾತು ಕ್ಯಾಸೆಟ್ಟು, ಟಿವಿ, ಯೂಟ್ಯೂಬು ದಾಟಿ ಕನ್ನಡಕ್ಕೆ ಬಂದು ಕೂತಿದೆ. ಇದನ್ನು ಪೆಂಟೆಕೋಸ್ಟಲ್ ಬೋಧನೆ ಎಂದು ತಿಳಿಯಬೇಡಿ. ಪೆಂಟೆಕೋಸ್ಟಲ್ ಪಂಗಡಗಳಲ್ಲೇ ದೊಡ್ಡದಾದ ಅಸೆಂಬ್ಲೀಸ್ ಆಫ್ ಗಾಡ್ 1980ರಲ್ಲೇ ಈ ‘ಅರಿಕೆ’ಯ ಬೋಧನೆಯ ಬಗ್ಗೆ ಎಚ್ಚರಿಕೆಯ ಹೇಳಿಕೆ ಹೊರಡಿಸಿತ್ತು.

ಹೇಗಿನ್ ಮತ್ತು ಅವರ ಹಿಂದೆ ಬಂದವರು ಆತುಕೊಂಡದ್ದು ಮಾರ್ಕ 11:22ರ ಮೇಲೆ. ನಮ್ಮ ಕನ್ನಡ ಸತ್ಯವೇದದಲ್ಲಿ ಅದು ದೇವರಲ್ಲಿ ನಂಬಿಕೆ ಇರಲಿ ಎಂದೇ ಇದೆ. ಮೂಲ ಗ್ರೀಕಿನಲ್ಲಿ ಪದಕ್ಕೆ ಪದ ನೋಡಿದರೆ ‘ದೇವರ ನಂಬಿಕೆಯನ್ನು ಹೊಂದಿರಿ’ ಎಂದಾಗುತ್ತದೆ. ಅದನ್ನೇ ಹಿಡಿದು, ‘ನೋಡಿ, ದೇವರಿಗೇ ಒಂದು ನಂಬಿಕೆ ಇದೆ, ಅದರಿಂದ ಲೋಕ ಉಂಟುಮಾಡಿದ, ಅದೇ ನಂಬಿಕೆ ನಿಮಗೂ ಬೇಕು’ ಎಂದು ವಿವರಿಸುತ್ತಾರೆ. ಕನ್ನಡ ಬಲ್ಲವರಿಗೆ ಇದರ ತಪ್ಪು ತಿಳಿಯಲು ಗ್ರೀಕ್ ಬೇಕಿಲ್ಲ. ‘ಹಾವಿನ ಭಯ’ ಅಂದರೆ ಹಾವಿಗೆ ಇರುವ ಭಯವೇ? ‘ದೇವರ ಭಯ’ ಅಂದರೆ ದೇವರು ಹೆದರಿದ್ದಾನೆ ಎಂದೇ? ನಮ್ಮ ಷಷ್ಠಿ ವಿಭಕ್ತಿಯ ಹಾಗೆಯೇ ಅದೂ. ನಂಬಿಕೆ ಯಾರ ಕಡೆಗೆ ಎಂದು ಅದು ತೋರಿಸುತ್ತದೆ.

ಕನ್ನಡದ ಇನ್ನೊಂದು ಮಾತನ್ನು ನಿಮ್ಮ ಮುಂದಿಡಬೇಕು. ನಮ್ಮ ಸತ್ಯವೇದದಲ್ಲಿ ‘ನಂಬಿಕೆ’ಯ ಪಕ್ಕದಲ್ಲೇ ‘ನಂಬಿಗಸ್ತ’ ಎಂಬ ಪದ ಓಡಾಡುತ್ತದೆ. ಅಂಗಡಿಯವನು ನಂಬಿಗಸ್ತ, ಆಳು ನಂಬಿಗಸ್ತ ಅನ್ನುತ್ತೇವಲ್ಲ, ಅದೇ. ನಂಬಿಕೆ ನಮ್ಮ ಕಡೆಯದು, ನಂಬಿಗಸ್ತಿಕೆ ಆ ಕಡೆಯದು. ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2ನೇ ಅಧ್ಯಾಯದಲ್ಲಿ, ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ ಎಂಬ ಮಾತಿದೆ. ಸಾಲ ಕೊಡುವಾಗ ನಾವು ನೋಡುವುದು ಎದುರಿನವನ ಯೋಗ್ಯತೆಯನ್ನೇ ಹೊರತು, ‘ನಾನು ಎಷ್ಟು ಗಟ್ಟಿಯಾಗಿ ನಂಬುತ್ತಿದ್ದೇನೆ’ ಎಂಬುದನ್ನಲ್ಲ. ಮೋಸಗಾರನನ್ನು ಎಷ್ಟು ಗಟ್ಟಿಯಾಗಿ ನಂಬಿದರೂ ದುಡ್ಡು ಹೋಗುತ್ತದೆ. ಯೋಗ್ಯನಿಗೆ ಅಳುಕುತ್ತಾ ಕೊಟ್ಟರೂ ದುಡ್ಡು ವಾಪಸು ಬರುತ್ತದೆ.

ನಾನು ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಎಷ್ಟೋ ಸಲ ಶಿರಾಡಿ ಘಾಟಿ ಇಳಿದಿದ್ದೇನೆ. ಪಕ್ಕದವನು ಗೊರಕೆ ಹೊಡೆಯುತ್ತಿರುತ್ತಾನೆ. ನಾನು ಪ್ರತಿ ತಿರುವಿಗೂ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿರುತ್ತೇನೆ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಇಳಿಯುತ್ತೇವೆ. ನನ್ನ ಅಳುಕಿನಿಂದ ಬಸ್ಸು ಸಕಲೇಶಪುರದಲ್ಲೇ ನಿಂತದ್ದಿಲ್ಲ.

‘ಸಂದೇಹವಿಲ್ಲದ ನಂಬಿಕೆ ತಂದುಕೊಳ್ಳುವುದು ಹೇಗೆ’ ಎಂದು ಕೇಳಿದ್ದೀರಿ. ನಿಮ್ಮ ಹಾಗೆಯೇ ಮಗನ ಕಾಯಿಲೆಯಿಂದ ಸೋತುಹೋಗಿದ್ದ ಒಬ್ಬ ತಂದೆ ಮಾರ್ಕ 9ರಲ್ಲಿದ್ದಾನೆ. ಅವನು ಯೇಸುವಿನ ಹತ್ತಿರ ‘ನಿನ್ನ ಕೈಲಾದರೆ’ ಎಂದು ಶುರುಮಾಡುತ್ತಾನೆ. ನಿಮ್ಮ ಕೂಟದಲ್ಲಿ ಯಾರಾದರೂ ‘ದೇವರ ಕೈಲಾದರೆ’ ಅಂದಿದ್ದರೆ ಏನಾಗುತ್ತಿತ್ತು ಊಹಿಸಿ. ಆಮೇಲೆ ಅವನು, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಕೂಗಿಕೊಳ್ಳುತ್ತಾನೆ. ಯೇಸು ಅವನನ್ನು ಮನೆಗೆ ಕಳಿಸಿ, ಅಪನಂಬಿಕೆಯನ್ನು ಪೂರ್ತಿ ತೊಳೆದುಕೊಂಡು ಬಾ ಅನ್ನಲಿಲ್ಲ. ಹುಡುಗನನ್ನು ಕೈಹಿಡಿದು ಎಬ್ಬಿಸಿದ. ಆ ತಂದೆ ತನ್ನ ಅರೆಬರೆ ನಂಬಿಕೆಯನ್ನು ಬಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಂಡು ಬಂದ. ನೀವು ರಾತ್ರಿ ಎದ್ದು ನೂರು ಸಲ ಹೇಳಿಕೊಳ್ಳುವುದನ್ನು ಬಿಟ್ಟು, ಅವನ ಆ ಒಂದು ಮಾತನ್ನು ಒಂದು ಸಲ ಹೇಳಿ ಮಲಗಿದರೆ ಸಾಕು ಎಂದು ನನ್ನ ಅಭಿಪ್ರಾಯ.

ಶಿಷ್ಯರೂ ಒಮ್ಮೆ ನಮ್ಮ ನಂಬಿಕೆ ಹೆಚ್ಚಿಸು ಎಂದು ಕೇಳಿದ್ದರು. ಸಿಕ್ಕ ಉತ್ತರ: ಸಾಸಿವೆ ಕಾಳಿನಷ್ಟಿದ್ದರೆ ಸಾಕು. ನಿಮ್ಮ ಒಗ್ಗರಣೆ ಡಬ್ಬಿ ತೆಗೆದು ನೋಡಿ, ಅಷ್ಟು. ಯೋಹಾನ 5ರಲ್ಲಿ ಬೇತೆಸ್ದ ಕೊಳದ ಬಳಿ ಬಿದ್ದಿದ್ದ, ಮೂವತ್ತೆಂಟು ವರ್ಷದಿಂದ ಕಾಯಿಲೆಯಲ್ಲಿದ್ದವನಿಗಂತೂ ತನ್ನನ್ನು ಗುಣಮಾಡಿದವನು ಯಾರು ಎಂಬುದೇ ಗೊತ್ತಿರಲಿಲ್ಲ. ಅಪೊಸ್ತಲರ ಕೃತ್ಯಗಳು 12 ನನಗೆ ಇನ್ನೂ ಇಷ್ಟ. ಪೇತ್ರ ಸೆರೆಮನೆಯಲ್ಲಿದ್ದಾನೆ, ಸಭೆಯೆಲ್ಲ ಒಂದು ಮನೆಯಲ್ಲಿ ಕೂಡಿ ಅವನಿಗಾಗಿ ಪ್ರಾರ್ಥಿಸುತ್ತಿದೆ. ಪೇತ್ರನೇ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಕೆಲಸದ ಹುಡುಗಿ ಓಡಿಬಂದು ಹೇಳಿದರೆ ಪ್ರಾರ್ಥಿಸುತ್ತಿದ್ದವರೆಲ್ಲ ‘ನಿನಗೆ ಹುಚ್ಚು’ ಅನ್ನುತ್ತಾರೆ! ತಾವು ಕೇಳಿದ್ದೇ ಬಾಗಿಲಲ್ಲಿ ನಿಂತಿದೆ, ನಂಬುವವರಿಲ್ಲ. ಪೇತ್ರನಂತೂ ಹೊರಗೆ ಬಂದಾಗಿತ್ತು.

ಎಲ್ಲ ವಚನವೂ ನನ್ನ ಕಡೆಗೇ ಇವೆ ಎಂದು ಹೇಳಿದರೆ ಮೋಸವಾದೀತು. ‘ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು’ ಎಂದು ಯೇಸು ಒಬ್ಬರಿಗಿಂತ ಹೆಚ್ಚು ಜನಕ್ಕೆ ಹೇಳಿದ್ದುಂಟು. ನಜರೇತಿನಲ್ಲಿ ಜನರ ಅಪನಂಬಿಕೆಯಿಂದಾಗಿ ಹೆಚ್ಚು ಮಹತ್ಕಾರ್ಯ ಮಾಡಲಾಗಲಿಲ್ಲ ಎಂದೂ ಮಾರ್ಕ 6ರಲ್ಲಿದೆ. ನಿಮ್ಮ ನಾಯಕರು ಇವನ್ನು ತೆಗೆಯುತ್ತಾರೆ. ಆದರೆ ನಜರೇತಿನವರು ಅಳುಕುತ್ತಾ ಬಂದವರಲ್ಲ, ‘ಇವನು ಆ ಬಡಗಿಯಲ್ಲವೇ’ ಎಂದು ಅಸಡ್ಡೆ ಮಾಡಿ ಬಾರದೇ ಉಳಿದವರು. ರಕ್ತಸ್ರಾವದ ಹೆಂಗಸು ನಡುಗುತ್ತಾ, ಗುಂಪಿನ ಹಿಂದಿನಿಂದ ಕದ್ದು ಬಂದು ಬಟ್ಟೆಯ ಅಂಚು ಮುಟ್ಟಿದಳು. ಅವಳಿಗಿದ್ದ ನಂಬಿಕೆ ಅಂದರೆ ಆ ಚಾಚಿದ ಕೈ, ಅಷ್ಟೇ. ಖಾಲಿ ಕೈಯನ್ನು ಎಷ್ಟು ಬಲವಾಗಿ ಚಾಚಿದಳು ಎಂದು ಅಳೆಯುವವರುಂಟೇ?

ಬಾಸುಂಡೆಯ ವಚನದ ಬಗ್ಗೆ ಒಂದು ಮಾತು. ಪೇತ್ರನು ತನ್ನ ಮೊದಲನೇ ಪತ್ರದ 2ನೇ ಅಧ್ಯಾಯದಲ್ಲಿ ಅದನ್ನು ಬರೆಯುವ ಮೊದಲು ಮಾತಾಡಿಸುತ್ತಿರುವುದು ಯಾರನ್ನು ಎಂದು ಐದಾರು ವಚನ ಹಿಂದೆ ಹೋಗಿ ನೋಡಿ. ಯಜಮಾನರ ಕೈಲಿ ಅನ್ಯಾಯವಾಗಿ ಹೊಡೆತ ತಿನ್ನುತ್ತಿದ್ದ ಮನೆಯಾಳುಗಳನ್ನು. ಬೆನ್ನ ಮೇಲೆ ಬಾಸುಂಡೆ ಇದ್ದವರಿಗೆ ಪ್ರಭುವಿನ ಬೆನ್ನಿನಲ್ಲೂ ಬಾಸುಂಡೆ ಇದ್ದವು ಎಂದು ಅವನು ಹೇಳುತ್ತಿದ್ದಾನೆ. ಅದನ್ನು ಸಕ್ಕರೆ ಇಳಿಸುವ ಮಂತ್ರವಾಗಿ ಜಪಿಸಿ ಎಂದು ನಿಮಗೆ ಹೇಳಿಕೊಟ್ಟವರು ಅದರೊಳಗಿನ ಸಮಾಧಾನವನ್ನೂ ನಿಮ್ಮಿಂದ ಕಿತ್ತುಕೊಂಡರು.

ಗ್ಲುಕೋಮೀಟರ್ ನೋಡುವುದು ಅಪನಂಬಿಕೆ ಎಂಬ ಮಾತಿಗೆ ಬರುತ್ತೇನೆ, ಇದೇ ಅತ್ಯಂತ ಅಪಾಯದ್ದು. ಇದರ ಹಿಂದೆ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯವಿದೆ. ಅಬ್ರಹಾಮ ಹೆಚ್ಚುಕಡಿಮೆ ನೂರು ವರ್ಷದ ಮುದುಕ, ಸಾರಳಿಗೆ ಮಕ್ಕಳಾಗುವ ಕಾಲ ಮುಗಿದಿದೆ. ಹಳೆಯ ಇಂಗ್ಲಿಷ್ ಭಾಷಾಂತರದಲ್ಲಿ ಅವನು ತನ್ನ ಮುದಿ ದೇಹವನ್ನು ‘ಲಕ್ಷಿಸಲಿಲ್ಲ’ ಎಂದಿದೆ. ಲಕ್ಷಣ ನೋಡಬೇಡಿ, ರಿಪೋರ್ಟ್ ನೋಡಬೇಡಿ ಎಂಬ ಬೋಧನೆಗೆ ಬುಡ ಅಲ್ಲಿದೆ. ಆದರೆ ಹೆಚ್ಚು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ‘ಇಲ್ಲ’ವೇ ಇಲ್ಲ. ಅವನು ತನ್ನ ದೇಹವನ್ನು ನೋಡಿದ, ಸತ್ತಂತಾಗಿದೆ ಎಂದು ಚೆನ್ನಾಗಿ ಬಲ್ಲ, ಆದರೂ ಮಾತು ಕೊಟ್ಟವನನ್ನು ನಂಬಿದ. ವಾರ್ಡಿನಲ್ಲಿ ನಾನು ಕಂಡ ಗಟ್ಟಿ ನಂಬಿಕೆಯವರೆಲ್ಲ ರಿಪೋರ್ಟ್ ಓದಿದವರೇ. ಓದಲು ಹೆದರುವವರನ್ನು ನೋಡಿದಾಗ, ಇವರ ದೇವರು ಒಂದು ಕಾಗದಕ್ಕೆ ಸೋಲುವಷ್ಟು ಸಣ್ಣವನೇ ಎಂದು ನನಗೆ ಸಂಕಟವಾಗುತ್ತಿತ್ತು.

ಇನ್ಸುಲಿನ್ ಮತ್ತು ದೇವರು ಎದುರುಬದುರು ನಿಂತವರಲ್ಲ. ‘ನಮ್ಮ ಅನುದಿನದ ಆಹಾರವನ್ನು ದಯಪಾಲಿಸು’ ಎಂದು ಪ್ರಾರ್ಥಿಸಿ ಎದ್ದು ರೊಟ್ಟಿ ತಟ್ಟುತ್ತೀರಿ. ರೊಟ್ಟಿ ತಟ್ಟುವುದು ಅಪನಂಬಿಕೆ ಎಂದು ಯಾವ ಪಾಸ್ಟರೂ ಹೇಳಿದ್ದು ನಾನು ಕೇಳಿಲ್ಲ, ಅವರಿಗೂ ಊಟ ಬೇಕಲ್ಲ. ಅರಸ ಹಿಜ್ಕೀಯನಿಗೆ ಇನ್ನೂ ಹದಿನೈದು ವರ್ಷ ಆಯುಷ್ಯ ಕೊಡುತ್ತೇನೆ ಎಂದು ದೇವರ ಮಾತು ಬಂದ ಮೇಲೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. ಪೌಲನ ಜೊತೆಗಾರ ಲೂಕ ವೈದ್ಯ. ಎಷ್ಟೋ ಜನರನ್ನು ಗುಣಪಡಿಸಿದ ಅದೇ ಪೌಲ, ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಎಂದು ಬರೆಯುತ್ತಾನೆ. ತ್ರೊಫಿಮನ ನಂಬಿಕೆ ಸಾಲಲಿಲ್ಲ ಎಂಬ ಟಿಪ್ಪಣಿ ಅಲ್ಲಿಲ್ಲ.

ಇನ್ಸುಲಿನ್ ಬೇರ್ಪಡಿಸಿದ್ದು 1921ರಲ್ಲಿ, ಕೆನಡಾದ ಟೊರೊಂಟೊದಲ್ಲಿ. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಹದಿನಾಲ್ಕು ವರ್ಷದ ಹುಡುಗ. ಅದಕ್ಕೆ ಮುಂಚೆ ನಿಮ್ಮ ಮಗನ ಕಾಯಿಲೆ ಬಂದ ಮಕ್ಕಳು ಬಹುತೇಕ ಒಂದೆರಡು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಅವರಿಗಾಗಿ ಪ್ರಾರ್ಥಿಸಿದ ತಾಯಂದಿರೆಷ್ಟೋ. ಆ ಪ್ರಾರ್ಥನೆಗಳಿಗೆ ತಡವಾಗಿ ಬಂದ ಉತ್ತರ ನಿಮ್ಮ ಫ್ರಿಜ್ಜಿನಲ್ಲಿದೆ ಎಂದು ನಾನು ನಂಬುತ್ತೇನೆ. ಇದು ನನ್ನ ನಂಬಿಕೆ, ನೀವು ಒಪ್ಪಲೇಬೇಕೆಂದಿಲ್ಲ.

ಇನ್ಸುಲಿನ್ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಡ. 1973ರಲ್ಲಿ ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಎಂಬ ಊರಲ್ಲಿ ಒಂದು ಕುಟುಂಬ, ಗುಣಪಡಿಸುವ ಕೂಟಕ್ಕೆ ಹೋಗಿಬಂದು ಹನ್ನೊಂದು ವರ್ಷದ ಮಗನಿಗೆ ಇನ್ಸುಲಿನ್ ನಿಲ್ಲಿಸಿತು. ಹುಡುಗ ಸಂಕಟಪಡುವುದನ್ನು ಕಣ್ಣಾರೆ ಕಂಡರೂ ಅದು ಸೈತಾನನು ತೋರಿಸುವ ಸುಳ್ಳು ಲಕ್ಷಣ ಎಂದುಕೊಂಡರು. ಕೆಲವೇ ದಿನಗಳಲ್ಲಿ ಹುಡುಗ ತೀರಿಕೊಂಡ. ಅವನು ಎದ್ದುಬರುತ್ತಾನೆ ಎಂದು ಆಮೇಲೂ ಕಾದರು. ನ್ಯಾಯಾಲಯ ತಂದೆತಾಯಿಯನ್ನು ಅಪರಾಧಿಗಳೆಂದಿತು. ವರ್ಷಗಳ ನಂತರ ಅವರೇ ಪುಸ್ತಕ ಬರೆದು ತಮ್ಮ ತಪ್ಪನ್ನು ಒಪ್ಪಿಕೊಂಡರು. ಅವರು ಮಗನನ್ನು ಪ್ರೀತಿಸುತ್ತಿದ್ದರು. ನಂಬಿಕೆಯೂ ಕಡಿಮೆಯಿರಲಿಲ್ಲ, ಅಷ್ಟು ನಂಬಿಕೆ ನನಗಂತೂ ಇಲ್ಲ. ಅದು ನಿಂತದ್ದು ದೇವರು ಕೊಡದ ಮಾತಿನ ಮೇಲೆ.

ನಿಮ್ಮ ಹಾಗೆ ಬುದ್ಧಿವಂತರಾದ ತಂದೆತಾಯಿ ಯಾಕೆ ಈ ಬೋಧನೆಗೆ ಸಿಕ್ಕಿಕೊಳ್ಳುತ್ತಾರೆ? ನಾನು ಕಂಡ ಹಾಗೆ, ಮಗುವಿನ ಮಂಚದ ಪಕ್ಕದಲ್ಲಿ ತಪ್ಪಿತಸ್ಥರಾಗಿ ನಿಲ್ಲುವುದು ಕೈಲಾಗದವರಾಗಿ ನಿಲ್ಲುವುದಕ್ಕಿಂತ ಸುಲಭ. ತಪ್ಪು ನನ್ನದಾದರೆ ನಾನೇ ತಿದ್ದಬಹುದಲ್ಲ ಎಂಬ ಆಸೆ ಉಳಿಯುತ್ತದೆ. ‘ಇದಕ್ಕೆ ನನ್ನಿಂದ ಆಗುವುದು ಏನೂ ಇಲ್ಲ’ ಎಂಬುದನ್ನು ಹೆತ್ತವರ ಮನಸ್ಸು ಒಪ್ಪುವುದಿಲ್ಲ. ಹೇಳುವವರಿಗೂ ಅನುಕೂಲ: ಗುಣವಾದರೆ ಸೂತ್ರ ಸರಿ, ಆಗದಿದ್ದರೆ ರೋಗಿಯ ತಪ್ಪು, ಸೂತ್ರ ಎಂದೂ ಸೋಲುವುದಿಲ್ಲ. ಹಾಗೆಂದು ನಿಮ್ಮ ನಾಯಕರನ್ನು ಮೋಸಗಾರ ಎಂದು ನಾನು ಹೇಳಲಾರೆ. ಹೆಚ್ಚಿನವರು ಪ್ರಾಮಾಣಿಕರೇ. ಡ್ರಾಯರಿನಲ್ಲಿ ಬಿಪಿ ಮಾತ್ರೆ ಬಚ್ಚಿಟ್ಟುಕೊಂಡು, ಅದಕ್ಕಾಗಿ ತಮ್ಮನ್ನೇ ಹಳಿದುಕೊಳ್ಳುತ್ತಿದ್ದ ಬೋಧಕರೊಬ್ಬರು ನನ್ನ ಮುಂದೆ ಅತ್ತದ್ದಿದೆ. ನಾನೂ ಪೂರ್ತಿ ಶುದ್ಧನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿಗೆ, ‘ನಂಬಿಕೆ ಇಡಿ ಅಮ್ಮಾ, ಎಲ್ಲ ಸರಿಹೋಗುತ್ತದೆ’ ಎಂದಿದ್ದೆ. ಮಗು ಉಳಿಯಲಿಲ್ಲ. ಆಕೆ ನನ್ನನ್ನು ನೋಡಿದ ನೋಟ ಏನು ಕೇಳುತ್ತಿತ್ತೆಂದು ಅರ್ಥವಾಗಲು ನನಗೆ ವರ್ಷಗಳು ಬೇಕಾದವು. ಆಮೇಲೆ ಆ ಮಾತನ್ನು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ನಿಮ್ಮ ಮಗನಿಗೆ ಕಾಯಿಲೆ ಪೂರ್ತಿ ಹೋಗುತ್ತದೋ ಇಲ್ಲವೋ ನಾನು ಮಾತು ಕೊಡಲಾರೆ. ಇನ್ಸುಲಿನ್ ತಪ್ಪಿಸದಿದ್ದರೆ ಅವನು ಶಾಲೆಗೆ ಹೋಗುತ್ತಾನೆ, ಕ್ರಿಕೆಟ್ ಆಡುತ್ತಾನೆ, ದೊಡ್ಡವನಾಗುತ್ತಾನೆ ಎಂದು ಡಾಕ್ಟರು ಹೇಳುತ್ತಾರೆ. ಅಂಥ ಹುಡುಗರನ್ನು ನಾನೂ ನೋಡಿದ್ದೇನೆ.

ಇನ್ನು ಈ ವಾರ ಏನು ಮಾಡುವುದು. ಸುಮ್ಮನಿದ್ದು, ಯಾರಿಗೂ ಹೇಳದೆ ಇಂಜೆಕ್ಷನ್ ಕೊಡುತ್ತಾ ಸಭೆಗೆ ಹೋಗುತ್ತಿರುವುದು ಒಂದು ದಾರಿ. ಬಹಳ ಹೆಂಗಸರು ಹಿಡಿಯುವ ದಾರಿ ಇದೇ. ಜಗಳವಿಲ್ಲ. ಆದರೆ ನೀವು ಊರಲ್ಲಿಲ್ಲದ ದಿನ ಡೋಸ್ ತಪ್ಪಬಹುದು. ಇಂಜೆಕ್ಷನ್ ಅಂದರೆ ಕದ್ದು ಮಾಡುವ ಪಾಪ ಎಂದು ಮಗನೂ ಕಲಿಯುತ್ತಾನೆ. ಅದನ್ನು ನಾನು ಒಪ್ಪುವುದಿಲ್ಲ.

ಮೊದಲು ಯಜಮಾನರ ಜೊತೆ, ಸಭೆಯವರು ಯಾರೂ ಇಲ್ಲದಾಗ, ಡಾಕ್ಟರ ಹತ್ತಿರ ಹೋಗಿ. ಹನಿಮೂನ್ ಅಂದರೇನು ಎಂದು ಅವರೇ ಬಾಯಿಬಿಟ್ಟು ಕೇಳಲಿ. ನೀವು ವಾದ ಮಾಡಬೇಡಿ. ಡಾಕ್ಟರ ಬಾಯಿಂದ ಕೇಳಿದರೆ ಅವರಿಗೆ ಮಾನ ಉಳಿಸಿಕೊಂಡು ಹಿಂದೆ ಸರಿಯಲು ಒಂದು ಕಿಟಕಿ ಸಿಗುತ್ತದೆ. ಬೇಕಿದ್ದರೆ ಅವರ ಸಾಕ್ಷಿಯನ್ನು ಅವರೇ ತಿದ್ದಿ ಹೇಳಬಹುದು: ದೇವರು ನಮ್ಮ ಮಗನನ್ನು ಐಸಿಯುನಿಂದ ಮನೆಗೆ ಕರೆತಂದ, ಅವನಿಗೆ ಇನ್ಸುಲಿನ್ ಬೇಕು, ಪ್ರಾರ್ಥನೆಯೂ ಬೇಕು. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ನಾಯಕರ ಜೊತೆ ಮಾತಾಡುವುದಾದರೆ ಇಬ್ಬರೂ ಹೋಗಿ, ಡಾಕ್ಟರ ಚೀಟಿ ಹಿಡಿದು ಹೋಗಿ. ಅವರು ಒಪ್ಪಬಹುದು. ಮುಂದಿನ ಭಾನುವಾರ ಹೆಸರು ಹೇಳದೆ ನಿಮ್ಮ ಮೇಲೇ ಪ್ರಸಂಗ ಮಾಡಲೂಬಹುದು. ಅದಕ್ಕೆ ಮನಸ್ಸು ಗಟ್ಟಿಯಿದ್ದರೆ ಮಾತ್ರ ಹೋಗಿ. ಸಭೆ ಬಿಡುವುದು ಕೊನೆಯ ದಾರಿ, ಸುಲಭದ್ದಲ್ಲ. ಐಸಿಯು ಹೊರಗೆ ನಿಮ್ಮ ಜೊತೆ ಕೂತವರು, ಮನೆಗೆ ಅನ್ನ ತಂದುಕೊಟ್ಟವರು ಅವರೇ ಇರಬೇಕು. ಬಿಡುವುದೇ ಆದರೆ ಮುಂದೆ ಎಲ್ಲಿ ಎಂದು ಮೊದಲು ನೋಡಿಕೊಳ್ಳಿ, ಇನ್ನೊಂದು ಪವಾಡದ ಪೋಸ್ಟರ್ ನೋಡಿ ಹೋಗಬೇಡಿ. ಕಾಯಿಲೆಯವರು ವರ್ಷಗಟ್ಟಲೆ ಕಾಯಿಲೆಯಲ್ಲೇ ಇದ್ದು, ಯಾರಿಂದಲೂ ಬೈಸಿಕೊಳ್ಳದೆ ಮುಂದಿನ ಸಾಲಲ್ಲಿ ಕೂರುವ ಸಭೆ ಸಿಕ್ಕರೆ ಅಲ್ಲಿ ಕೂತುಕೊಳ್ಳಿ.

ಯಜಮಾನರು ಏನು ಹೇಳಿದರೂ ಕೇಳದೆ ಇನ್ಸುಲಿನ್ ನಿಲ್ಲಿಸಿಯೇ ಸಿದ್ಧ ಎಂದರೆ ಅದು ಗಂಡ ಹೆಂಡತಿಯ ಮಾತಾಗಿ ಉಳಿಯುವುದಿಲ್ಲ. ಮಗನನ್ನು ಕರೆದುಕೊಂಡು ತವರಿಗೆ ಹೋಗಿ, ಡಾಕ್ಟರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿಗೆ ಬೇಕಾದ್ದನ್ನು ಬೇಕೆಂದೇ ತಪ್ಪಿಸುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ವಿಧೇಯಳಾದ ಹೆಂಡತಿ ಎಂಬ ಮಾತು ತೆಗೆದು ಯಾರಾದರೂ ನಿಮ್ಮ ಬಾಯಿ ಮುಚ್ಚಿಸಲು ಬಂದರೆ, ಅವರನ್ನು ನನ್ನ ಹತ್ತಿರ ಕಳಿಸಿ.

ಕೊನೆಗೆ ನಿಮ್ಮ ಮಗ. ಪತ್ರದಲ್ಲಿ ನನಗೆ ನಿದ್ದೆ ಕೆಡಿಸಿದ ಸಾಲು ಅವನದು. ಒಂಬತ್ತು ವರ್ಷದವನಿಗೆ ತಿರುಗಿ ಧರ್ಮಶಾಸ್ತ್ರ ಹೇಳಬೇಡಿ. ಇವತ್ತು ರಾತ್ರಿ ಸೂಜಿ ಹಾಕುವಾಗ ಹೇಳಿ: ‘ನೀನು ಏನೂ ತಪ್ಪು ಮಾಡಿಲ್ಲ ಕಂದಾ, ನಿನ್ನ ಹೊಟ್ಟೆಯೊಳಗೆ ಒಂದು ಕೆಲಸ ನಿಂತುಹೋಗಿದೆ, ಅದಕ್ಕೇ ಈ ಔಷಧಿ. ಯೇಸಪ್ಪ ನಿನ್ನ ಮೇಲೆ ಸಿಟ್ಟಾಗಿಲ್ಲ.’ ಅವನು ನಂಬದಿದ್ದರೆ ನಾಳೆ ಮತ್ತೆ ಹೇಳಿ. ದಿನಕ್ಕೆ ನಾಲ್ಕು ಸಲ ಅವಕಾಶವಿದೆ.

ಪತ್ರಿಕೆಯ ಕಚೇರಿಯವರು ನಿಮಗೆ ನನ್ನ ಫೋನ್ ನಂಬರು ಕಳಿಸುತ್ತಾರೆ. ಸಂಜೆ ಆರರ ಮೇಲೆ ಸಿಗುತ್ತೇನೆ. ಯಜಮಾನರು ಮಾತಾಡುತ್ತಾರೆ ಎಂದರೆ ಅವರಿಗೇ ಕೊಡಿ. ನನ್ನನ್ನು ಬೈಯಲಿಕ್ಕೇ ಮಾಡಿದರೂ ಪರವಾಗಿಲ್ಲ, ಕೂಟದ ಮುಂಚೆ ಮಾಡಲಿ.